ಹಳದಿ ಹಾಳೆಯ ಕನ್ನಡ

ಕಾಸರಗೋಡಿನ ಕುಂಬಳೆ ಹತ್ತಿರದ ದೊಡ್ಡಮ್ಮನ ಮನೆ ಜಗಲಿಯಲ್ಲಿ ಮಧ್ಯಾಹ್ನ ನಾಲ್ಕೈದು ಹೆಂಗಸರು ಬೀಡಿ ಕಟ್ಟಲು ಕೂರುತ್ತಿದ್ದರು. ಮಡಿಲಲ್ಲಿ ತಡ್ಪೆ (ಮೊರ), ಅದರೊಳಗೆ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಅವರ ಕೈಗೆ ಬಿಡುವಿಲ್ಲ. ಹಾಗಾಗಿ ರಜೆಯಲ್ಲಿ ಓದಿ ಹೇಳುವ ಕೆಲಸ ನನ್ನದು. ಓದುತ್ತಿದ್ದದ್ದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ. ಕತ್ತಲ ಕೋಣೆಗೆ ಪತ್ತೇದಾರ ಪುರುಷೋತ್ತಮ ಕಾಲಿಟ್ಟರೆ ಸಾಕು, ಅಷ್ಟೂ ಕೈಗಳು ನಿಲ್ಲುತ್ತಿದ್ದವು. ನಾನು ಉಸಿರು ತೆಗೆದುಕೊಳ್ಳಲು ತಡೆದರೆ ದೊಡ್ಡಮ್ಮ, "ಓದು ಮಗಾ, ಮತ್ತೆಂತ ಆಯ್ತು?" ಎನ್ನುತ್ತಿದ್ದರು.

ಇದು ನಮ್ಮ ಮನೆಯಲ್ಲಿ ಮಾತ್ರ ಇದ್ದದ್ದಲ್ಲ. ಕಣ್ಣೂರು, ಕಾಸರಗೋಡು ಕಡೆಯ ಬೀಡಿ ಶೆಡ್ಡುಗಳಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಅವರ ಪಾಲಿನ ಬೀಡಿಯನ್ನೂ ಕಟ್ಟಿಕೊಡುವುದು ಹಳೇ ರೂಢಿ. 1969ರಲ್ಲಿ ಶುರುವಾದ ದಿನೇಶ್ ಬೀಡಿ ಸಹಕಾರ ಸಂಘದಲ್ಲೂ ಅದು ಮುಂದುವರಿಯಿತು.

ಕಡಿಮೆ ಬೆಲೆಯ ಈ ಕಥೆಗಳಿಗೆ ಇಂಗ್ಲಿಷಿನಲ್ಲಿ 'ಪಲ್ಪ್' ಎಂಬ ಹೆಸರು ಬಂದದ್ದು ಕಾಗದದಿಂದ. ಅಮೆರಿಕದಲ್ಲಿ ಫ್ರಾಂಕ್ ಮನ್ಸಿ 1896ರಲ್ಲಿ ತನ್ನ 'ಆರ್ಗಸಿ'ಯನ್ನು ಬರೀ ಕಥೆಗಳ ಪತ್ರಿಕೆ ಮಾಡಿದ. ಅಗ್ಗದ ಮರದ ತಿರುಳಿನ ಕಾಗದ, 192 ಪುಟ, ಬೆಲೆ 10 ಸೆಂಟ್. ದಿನಗೂಲಿಯವರೂ ಕೊಳ್ಳಬಹುದಾದ ಓದು ಅದು. ಆಮೇಲೆ 1920ರಲ್ಲಿ 'ಬ್ಲ್ಯಾಕ್ ಮಾಸ್ಕ್', 1926ರಲ್ಲಿ 'ಅಮೇಜಿಂಗ್ ಸ್ಟೋರೀಸ್' ಬಂದವು. ಇಂದು ದೊಡ್ಡ ಹೆಸರಾಗಿರುವ ಪತ್ತೇದಾರಿ ಲೇಖಕರಾದ ಹ್ಯಾಮೆಟ್, ಚಾಂಡ್ಲರ್ ಬರೆದು ಪಳಗಿದ್ದು 'ಬ್ಲ್ಯಾಕ್ ಮಾಸ್ಕ್'ನಲ್ಲೇ. ಯುದ್ಧಕಾಲದ ಕಾಗದದ ಅಭಾವ, ಪೇಪರ್‌ಬ್ಯಾಕ್, ಟಿವಿ ಎಲ್ಲ ಸೇರಿ 1950ರ ದಶಕದಲ್ಲಿ ಅಲ್ಲಿ ಆ ಕಾಲ ಮುಗಿಯಿತು.

ನಮ್ಮಲ್ಲಿ ಆಗಷ್ಟೇ ಶುರು. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದ್ದ ನರಸಿಂಹಯ್ಯನವರು 500ಕ್ಕೂ ಜಾಸ್ತಿ ಪತ್ತೇದಾರಿ ಕಾದಂಬರಿ ಬರೆದರು. ಸಣ್ಣ ವಾಕ್ಯ, ಸುಲಭದ ಮಾತು. ಅಕ್ಷರ ಕೂಡಿಸಿ ಓದುವವರಿಗೂ ಎಡವದಂತೆ ಸಾಗುವ ಕಥೆ.

ಕಾಸರಗೋಡಿನಲ್ಲಿ ಇದರ ಬೆಲೆಯೇ ಬೇರೆ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಬೋರ್ಡು, ಅರ್ಜಿ, ಕಚೇರಿಯ ಮಾತು ಎಲ್ಲ ನಿಧಾನಕ್ಕೆ ಮಲಯಾಳವಾಯಿತು. ಕನ್ನಡ ಉಳಿದದ್ದು ಶಾಲೆಯಲ್ಲಿ, ಯಕ್ಷಗಾನದಲ್ಲಿ, ಮನೆಯಲ್ಲಿ. ಭಾಷೆಗಾಗಿ ಹೋರಾಡಿದವರನ್ನು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಯಾರೂ ಹೇಳದೆ, ಮಾರ್ಕಿನ ಆಸೆಯಿಲ್ಲದೆ, ಸುಮ್ನೆ ಖುಷಿಗೆಂದು ಜನ ಕನ್ನಡ ಓದಿದ್ದು ಈ ಪುಸ್ತಕಗಳಲ್ಲಿ ಅಲ್ವಾ?

ಮಲಯಾಳದಲ್ಲೂ ಇಂಥದ್ದೇ ಲೋಕವಿತ್ತು. ಮುಟ್ಟತ್ತು ವರ್ಕಿಯವರ 1955ರ 'ಪಾಡಾತ್ತ ಪೈಂಗಿಳಿ' ಕಾದಂಬರಿಯ ಹೆಸರಿನಿಂದ ಇಂಥ ಭಾವುಕ ಪ್ರೇಮಕಥೆಗಳಿಗೆ 'ಪೈಂಗಿಳಿ' ಎಂಬ ಮಾತೇ ಹುಟ್ಟಿತು. ಕೊನೆಗೆ ಅದು ಬೈಗುಳದಂತಾಯಿತು. ಕೋಟ್ಟಯಂನ ವಾರಪತ್ರಿಕೆಗಳ ಧಾರಾವಾಹಿಗಾಗಿ ಜನ ಕಾಯುತ್ತಿದ್ದರು. ಅಲ್ಲಿನ ಮಂಗಳಂ ಬಳಗವೇ ಕನ್ನಡದಲ್ಲಿ 'ಮಂಗಳ' ತಂದಿತು, ಮಕ್ಕಳಿಗೆ 'ಬಾಲಮಂಗಳ'ವನ್ನೂ ಕೊಟ್ಟಿತು. ಅದರ ಚಿತ್ರಕಥೆಯ ನಾಯಕ, ಮಲಯಾಳದ ಸಾಹಸಿ ಇಲಿ ಡಿಂಕನ್ ಕನ್ನಡದಲ್ಲಿ ಡಿಂಗನಾದ. ನಮ್ಮೂರ ಮಕ್ಕಳು ಇಬ್ಬರನ್ನೂ ಓದಿದರು. ಗಡಿಯಲ್ಲಿ ಹುಟ್ಟಿದ್ದಕ್ಕೆ ಸಿಕ್ಕ ದೊಡ್ಡ ಲಾಭ ಎಂದೇ ನನಗೆ ಅನಿಸುತ್ತದೆ.

ಧಾರಾವಾಹಿ ಈಗ ಟಿವಿಯಲ್ಲಿದೆ, ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿದೆ. ಅಧ್ಯಾಯದ ಕೊನೆಗೆ ಕುತೂಹಲ ಉಳಿಸುವ ಅದೇ ವಿದ್ಯೆ. ಹೋಗುತ್ತಿರುವುದು ಹಳೇ ಪುಸ್ತಕಗಳು. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಗಾಳಿ, ಬೆಳಕು ತಾಗಿದಂತೆ ಅದು ಹಳದಿಯಾಗುತ್ತದೆ. ಕಾಗದದಲ್ಲಿರುವ ಆಮ್ಲ ಹಾಳೆಯನ್ನು ಪುಡಿ ಮಾಡುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹುಳವೂ ಬೂಷ್ಟೂ ಜೊತೆಗೆ.

ದೊಡ್ಡಮ್ಮನ ಟ್ರಂಕಿನಲ್ಲಿ ಹನ್ನೊಂದು ಪುಸ್ತಕ ಸಿಕ್ಕಿವೆ. ಒಂದರ ಹಾಳೆ ಮಗುಚಿದಾಗ ಮೂಲೆ ಹಪ್ಪಳದಂತೆ ಮುರಿದು ಕೈಗೆ ಬಂತು. ಒಳಗೆ ಬೀಡಿ ನೂಲಿನ ಒಂದು ತುಂಡು, ಗುರುತಿಗೆ ಇಟ್ಟದ್ದು. ಈಗ ದಿನಾ ಸಂಜೆ ಒಂದೊಂದೇ ಪುಟದ ಫೋಟೋ ತೆಗೆಯುತ್ತಿದ್ದೇನೆ. ನಿನ್ನೆಗೆ 43ನೇ ಪುಟವಾಯಿತು. ನೂಲನ್ನು ಇದ್ದಲ್ಲೇ ಬಿಟ್ಟಿದ್ದೇನೆ.