ಮಷೀನ್ ಟಚ್ ಹೇಳುತ್ತದೆ, ವಯಸ್ಸು ಹೇಳುವುದಿಲ್ಲ

ಎಕ್ಸ್‌ಆರ್‌ಎಫ್ ಮಷೀನ್‌ಗೆ (ಎಕ್ಸ್-ಕಿರಣ ಬಿಟ್ಟು ಲೋಹ ಪರೀಕ್ಷಿಸುವ ಯಂತ್ರ) ಹಾಕಿದರೆ ಚಿನ್ನದ ಟಚ್, ಅಂದರೆ ಶುದ್ಧತೆ, ಬರುತ್ತದೆ. ವಯಸ್ಸು ಬರುವುದಿಲ್ಲ. ಹಳೆಯ ಒಡವೆಗಳಿಗೆ ಬೆಲೆ ಕಟ್ಟುವ ನನಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಅದರಲ್ಲೂ ಗಲ್ಫ್‌ನಿಂದ ರಜೆಗೆ ಬಂದವರು "ಪರ್ಷಿಯಾದ್ದಂತೆ ಮೇಡಂ, ಎರಡೂವರೆ ಸಾವಿರ ವರ್ಷ ಹಳೇದಂತೆ, ಟೆಸ್ಟ್ ಮಾಡಿ ಒಂದು ಸರ್ಟಿಫಿಕೇಟ್ ಕೊಡಿ" ಅಂದಾಗ.

ಸರ್ಟಿಫಿಕೇಟ್ ಕೊಡಬಹುದು. ಅದರಲ್ಲಿ ಚಿನ್ನ ಇಷ್ಟು, ಬೆಳ್ಳಿ ಇಷ್ಟು, ತಾಮ್ರ ಇಷ್ಟು ಅಂತ ಇರುತ್ತದೆ, ಅಷ್ಟೇ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ. ಮರ, ಮೂಳೆಯ ಹಾಗೆ ಅದರಲ್ಲಿ ಕಾಲ ಅಳೆಯುವುದಕ್ಕೆ ಕಾರ್ಬನ್ ಇಲ್ಲ. ಎರಡೂವರೆ ಸಾವಿರ ವರ್ಷದ ಹಿಂದಿನ ಪರ್ಷಿಯಾದ ದೊರೆ ಡೇರಿಯಸ್ ಕಾಲದ ನಾಲ್ಕು ನಾಣ್ಯ ಕರಗಿಸಿ ನಿನ್ನೆ ಬಳೆ ಮಾಡಿದ್ದರೂ ಮಷೀನ್‌ಗೆ ಕಾಣುವುದು ಆ ನಾಣ್ಯಗಳ ಚಿನ್ನದ ಟಚ್ಚೇ.

ಇಂಟರ್‌ನೆಟ್‌ನಲ್ಲಿ ಓದಿಕೊಂಡು ಬಂದವರು ಇನ್ನೊಂದು ಮಾತು ತೆಗೆಯುತ್ತಾರೆ. "ಒಳಗೆ ಬಿಳಿ ಚುಕ್ಕೆ ಇದೆ ನೋಡಿ, ಹಳೇ ಚಿನ್ನದಲ್ಲೇ ಇರೋದಂತೆ." ಮಾತು ಪೂರ್ತಿ ಸುಳ್ಳಲ್ಲ. ಹೊಳೆಯ ಮರಳಿನಿಂದ ತೆಗೆದ ಚಿನ್ನದಲ್ಲಿ ಆಸ್ಮಿಯಮ್, ಇರಿಡಿಯಮ್, ರುಥೇನಿಯಮ್ ಸೇರಿದ ಸಣ್ಣ ಗಟ್ಟಿ ಕಾಳುಗಳು ಉಳಿದಿರುತ್ತವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಆಕ್ಸಸ್ ನಿಧಿಯ (ಮಧ್ಯ ಏಷ್ಯಾದ ಅಮು ದರಿಯಾ, ಅಂದರೆ ಹಿಂದಿನ ಆಕ್ಸಸ್ ನದಿ ಕಡೆ ಸಿಕ್ಕ ಪರ್ಷಿಯನ್ ಕಾಲದ ನಿಧಿ) ಒಡವೆಗಳಲ್ಲೂ ಇವು ಸಿಕ್ಕಿವೆ. ಆದರೆ ಚಿನ್ನ ಕರಗುವ ಶಾಖಕ್ಕೆ ಈ ಕಾಳು ಕರಗುವುದೇ ಇಲ್ಲ. ಹಳೆಯ ನಾಣ್ಯ ಕರಗಿಸಿದರೆ ಹೊಸ ಬಳೆಗೂ ಬಂದು ಕೂರುತ್ತವೆ. ಅಂದ ಮೇಲೆ ಚುಕ್ಕೆ ಹೇಳುವುದು ಚಿನ್ನದ ಕಥೆ, ಬಳೆಯ ಕಥೆ ಅಲ್ಲ. ಈ ಎರಡನ್ನು ಬೇರೆ ಮಾಡಿ ನೋಡಿ ಅಂತ ನಾನು ಬೇಡಿಕೊಳ್ಳುತ್ತಿರುವುದು.

ಹಾಗಾದರೆ ಮ್ಯೂಸಿಯಂನವರಿಗೆ ಹೇಗೆ ಗೊತ್ತಾಯಿತು? ಮಣ್ಣಿನಿಂದ. ಇರಾನಿನ ವಾಯವ್ಯದಲ್ಲಿ, ಉರ್ಮಿಯಾ ಸರೋವರದ ದಕ್ಷಿಣಕ್ಕೆ ಹಸನ್ಲು ಎಂಬ ದಿಬ್ಬ ಇದೆ. ಕ್ರಿ.ಪೂ. 800ರ ಸುಮಾರಿಗೆ ಶತ್ರುಗಳು ಆ ಊರಿಗೆ ಬೆಂಕಿ ಹಚ್ಚಿದರು. ಉರಿಯುತ್ತಿದ್ದ ಕಟ್ಟಡದ ಒಳಗಿಂದ ಚಿನ್ನದ ಬಟ್ಟಲು ಎತ್ತಿಕೊಂಡು ಓಡುತ್ತಿದ್ದವರ ಮೇಲೆ ಕಟ್ಟಡ ಕುಸಿಯಿತು. 1958ರಲ್ಲಿ ರಾಬರ್ಟ್ ಡೈಸನ್ ತಂಡ ಅಗೆದಾಗ ಅಸ್ಥಿಪಂಜರಗಳ ಜೊತೆ ಬಟ್ಟಲು ಸಿಕ್ಕಿತು, ಒತ್ತಿ ಅಪ್ಪಚ್ಚಿಯಾಗಿ. ಅವರು ಕಳ್ಳರೋ ಕಾವಲಿನವರೋ ಅಂತ ಇನ್ನೂ ಚರ್ಚೆ ನಡೆಯುತ್ತದೆ, ಇರಲಿ. ಬಟ್ಟಲು ಆ ಬೆಂಕಿಗಿಂತ ಎಷ್ಟೋ ವರ್ಷ ಮೊದಲೇ ತಯಾರಾಗಿರಬಹುದು. ಅದರ ಆಮೇಲಿನದಂತೂ ಅಲ್ಲ. ಪರ್ಷಿಯಾದ ಹಳೆಯ ರಾಜಧಾನಿ ಸೂಸಾದಲ್ಲೂ ಹೀಗೇ. 1901ರಲ್ಲಿ ಫ್ರಾನ್ಸಿನ ಪುರಾತತ್ವಜ್ಞ ಜಾಕ್ ದ ಮಾರ್ಗನ್ ತೆರೆಸಿದ ಕಂಚಿನ ಶವಪೆಟ್ಟಿಗೆಯಲ್ಲಿ ಸಿಂಹದ ತಲೆಯ ಕಡಗಗಳಿದ್ದವು, ಟರ್ಕಾಯಿಸ್, ಲಾಪಿಸ್ ಲಾಜುಲಿ ಎಂಬ ನೀಲಿ ಕಲ್ಲುಗಳನ್ನು ಕೂರಿಸಿದ ಕೆಲಸವಿತ್ತು. ಅವು ಕ್ರಿ.ಪೂ. 4ನೇ ಶತಮಾನದವು ಅಂತ ಹೇಳಿದ್ದು ಕಡಗದ ಚಿನ್ನವಲ್ಲ, ಪಕ್ಕದಲ್ಲಿದ್ದ ಬೆಳ್ಳಿ ನಾಣ್ಯಗಳು.

ಅಗೆದ ಜಾಗ ತಪ್ಪಿಹೋದರೆ ದೊಡ್ಡ ದೊಡ್ಡ ಮ್ಯೂಸಿಯಂಗಳೇ ತಡಬಡಾಯಿಸುತ್ತವೆ. ಇರಾನಿನ ಜಿವಿಯೆಯಲ್ಲಿ 1947ರಲ್ಲಿ ನಿಧಿ ಸಿಕ್ಕಿತೆಂದು ಸುದ್ದಿಯಾದದ್ದೇ ತಡ, ವ್ಯಾಪಾರಿಗಳು ಕೈಗೆ ಬಂದದ್ದಕ್ಕೆಲ್ಲ ಜಿವಿಯೆ ಅಂತ ಚೀಟಿ ಅಂಟಿಸಿದರು. ಯಾವುದು ನಿಜವಾಗಿ ಅಲ್ಲಿಯದು ಅಂತ ಯಾರೂ ತೋರಿಸಲಾರರು ಎಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನ ಆಸ್ಕರ್ ವೈಟ್ ಮಸ್ಕರೆಲ್ಲಾ ಆಮೇಲೆ ಗಟ್ಟಿಯಾಗಿ ವಾದಿಸಿದರು.

ಆಕ್ಸಸ್ ನಿಧಿಯ ಕಥೆ ನನಗೆ ಇನ್ನೂ ಇಷ್ಟ. ಅಮು ದರಿಯಾ ದಂಡೆಯಲ್ಲಿ ಸಿಕ್ಕ ಒಡವೆಗಳು ವರ್ತಕರ ಕೈಯಿಂದ ಕೈಗೆ ದಾಟಿ ರಾವಲ್ಪಿಂಡಿಗೆ ಬಂದವು. ಅಲ್ಲಿನ ವ್ಯಾಪಾರಿಗಳು ಕೆಲವನ್ನು ಚಿನ್ನದಲ್ಲೇ ನಕಲು ಮಾಡಿಸಿ ಬ್ರಿಟಿಷ್ ಮ್ಯೂಸಿಯಂನ ಫ್ರಾಂಕ್ಸ್‌ಗೆ ತೋರಿಸಿದರು. ಆತ ಘಾಟಿ. ನಕಲು ಅಂತ ಗೊತ್ತಾದರೂ ಚಿನ್ನದ ಬೆಲೆಗಿಂತ ಚೂರು ಜಾಸ್ತಿ ಕೊಟ್ಟು ತಗೊಂಡ. ಆಮೇಲೆ ಅಸಲಿ ಒಡವೆಯೂ ಮೆಲ್ಲಗೆ ಹೊರಬಂತು! ನೀವು ಫ್ರಾಂಕ್ಸ್ ಅಲ್ಲ, ಅಲ್ವಾ?

ಹೀಗಂದ ಮಾತ್ರಕ್ಕೆ ನಾನು ಕೈಕಟ್ಟಿ ಕೂರುವುದಿಲ್ಲ. ಮೊದಲು ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ತಂತಿ ನೋಡುತ್ತೇನೆ. ತೂತಿನ ಅಚ್ಚಿನಲ್ಲಿ ಎಳೆದ ತಂತಿಯಲ್ಲಿ ಉದ್ದಕ್ಕೂ ಸಣ್ಣ ಗೀರು ಇರುತ್ತದೆ. ಆಕಿಮೆನಿಡ್ ಕಾಲದವರು, ಅಂದರೆ ಡೇರಿಯಸ್ ವಂಶದ ದೊರೆಗಳ ಕಾಲದವರು, ತಗಡಿನ ಪಟ್ಟಿ ಕತ್ತರಿಸಿ, ಹುರಿ ಮಾಡಿ, ಉರುಳಿಸಿ ತಂತಿ ಮಾಡುತ್ತಿದ್ದರು. ಅದರಲ್ಲಿ ಗೀರು ಸುತ್ತಿಕೊಂಡು ಹೋಗುತ್ತದೆ. ಆಮೇಲೆ ಬೆಸುಗೆ ನೋಡುತ್ತೇನೆ. ಕ್ಯಾಡ್ಮಿಯಮ್ ಕಂಡರೆ ಹೊಸ ಕೈ ಬಿದ್ದಿದೆ ಅಂತ ಬಹುಮಟ್ಟಿಗೆ ಹೇಳಬಹುದು. ಆದರೆ ಅದು ಬರೀ ರಿಪೇರಿ ಕೂಡ ಆಗಿರಬಹುದು. ನಾನು ಹೊಸದು ಅಂತ ಧೈರ್ಯವಾಗಿ ಬರೆದುಕೊಡುವುದುಂಟು. ಹಳೆಯದು ಅಂತ ಬರೆದುಕೊಡುವುದಿಲ್ಲ.

ಒಡವೆ ಮೇಲೆ ರಾಜನ ಹೆಸರಿದೆ ಅಂತ ಹಿಗ್ಗುವವರಿಗೂ ಒಂದು ಮಾತು. ಮೆಟ್ರೊಪಾಲಿಟನ್‌ನಲ್ಲಿ ಇರಾನಿನ 11ನೇ ಶತಮಾನದ ಒಂದು ಜೊತೆ ಚಿನ್ನದ ಕಡಗ ಇದೆ. ಕೀಲಿನ ಅಕ್ಕಪಕ್ಕದ ಗುಬ್ಬಗಳ ಹಿಂದೆ ತೆಳು ತಗಡಿನ ಬಿಲ್ಲೆ, ಅದರ ಮೇಲೆ ನಾಣ್ಯದ ಅಚ್ಚು. ಅಚ್ಚಿನಲ್ಲಿರುವುದು 991ರಿಂದ 1031ರವರೆಗೆ ಖಲೀಫನಾಗಿದ್ದ ಅಲ್ ಖಾದಿರ್ ಬಿಲ್ಲಾನ ಹೆಸರು. ಆತ ಸತ್ತ ಎಷ್ಟೋ ವರ್ಷದ ಮೇಲೂ ಅದೇ ನಾಣ್ಯ ಒತ್ತಿ ಬಿಲ್ಲೆ ಮಾಡಬಹುದಿತ್ತು. ಹಾಗಾಗಿ ತಿಳಿದವರು ಬರೀ ಹೆಸರಿಗೆ ಜೋತುಬೀಳದೆ ಅಚ್ಚು ಎಷ್ಟು ಸವೆಯದೆ ಸ್ಪಷ್ಟವಾಗಿದೆ ಅಂತಲೂ ನೋಡಿ, ನಾಣ್ಯ ಹೊಸದಾಗಿದ್ದಾಗಲೇ ಕಡಗ ಮಾಡಿದ್ದು ಅಂತ ಹೇಳುತ್ತಾರೆ.

ಇನ್ನು ಶೈಲಿ. "ನೋಡಿದರೆ ಪರ್ಷಿಯನ್ ಅಂತ ಗೊತ್ತಾಗಲ್ವಾ ಮೇಡಂ?" ಸೂಸಾದ ಅರಮನೆ ಕಟ್ಟಿಸಿದ ಡೇರಿಯಸ್ಸೇ ಶಾಸನದಲ್ಲಿ ಬರೆಸಿದ್ದಾನೆ: ಚಿನ್ನ ಸಾರ್ಡಿಸ್ (ಈಗಿನ ಟರ್ಕಿ) ಮತ್ತು ಬ್ಯಾಕ್ಟ್ರಿಯಾದಿಂದ (ಈಗಿನ ಅಫ್ಘಾನಿಸ್ತಾನದ ಕಡೆ) ಬಂತು, ಚಿನ್ನದ ಕೆಲಸ ಮಾಡಿದ ಅಕ್ಕಸಾಲಿಗರು ವಾಯವ್ಯ ಇರಾನಿನ ಮೀಡರು ಮತ್ತು ಈಜಿಪ್ಟಿನವರು. ಅವನ ಅರಮನೆಯ ಕೆಲಸವೇ ಹೀಗಿದ್ದ ಮೇಲೆ ಬರೀ ನೋಟದ ಮೇಲೆ ನಾನೇನು ಹೇಳಲಿ?

ಅಕಸ್ಮಾತ್ ನಿಮ್ಮದು ನಿಜವಾಗಿಯೂ ಹಳೆಯದಾಗಿದ್ದರೆ ಖುಷಿಪಡಬೇಡಿ, ಅದು ಇನ್ನೂ ದೊಡ್ಡ ತಲೆನೋವು. ಪುರಾತನ ವಸ್ತುಗಳ ಮೇಲೆ ಇರಾನ್ 1930ರಲ್ಲೇ ಕಾನೂನು ತಂದಿದೆ. ನಮ್ಮಲ್ಲೂ 1972ರ ಕಾಯ್ದೆ ಇದೆ. ನಿಮ್ಮ ವಸ್ತುವಿಗೆ ಯಾವುದು ಹೇಗೆ ಅನ್ವಯಿಸುತ್ತದೆ ಅಂತ ವಕೀಲರನ್ನು ಕೇಳಿ, ನನ್ನನ್ನಲ್ಲ.

ಕುವೈತ್‌ನಲ್ಲಿ ದುಡಿದು ಬಂದ ಹಿರಿಯರೊಬ್ಬರು ಹೆಂಡತಿ ಜೊತೆ ಕಡಗ ತಂದಿದ್ದರು. ಕೀಲಿನ ಒಳಗೆ 750 ಅಂತ ಸಣ್ಣ ಮುದ್ರೆ, ಅಂದರೆ 18 ಕ್ಯಾರೆಟ್‌ಗೆ ಈಗಿನವರು ಹಾಕುವ ಗುರುತು. ಅವರ ಮುಖ ಸಣ್ಣಗಾಯಿತು. ಆಯಮ್ಮ ಮಾತ್ರ "ಸದ್ಯ, ಹೊಸದೇ ಅಲ್ವಾ, ನಾನಿನ್ನು ಹಾಕ್ಕೋಬಹುದು" ಅಂತ ಅಲ್ಲೇ ಕೈಗೇರಿಸಿದರು. ಮೌಲ್ಯಮಾಪಕರಿಗೆ ಇಂಥ ಗಿರಾಕಿ ದಿನಾ ಸಿಗುವುದಿಲ್ಲ.

ಪರ್ಷಿಯನ್ ಕೆಲಸ ಇಷ್ಟವಿದ್ದರೆ ಇವತ್ತಿನದನ್ನೇ ಕೊಳ್ಳಿ. ಇಸ್ಫಹಾನಿನ ಮೀನಾ ಕೆಲಸ, ಜಂಜಾನ್‌ನ ಬೆಳ್ಳಿ ತಂತಿ ಕೆಲಸ ಇವತ್ತಿಗೂ ಕಣ್ಣು ತುಂಬುವ ಹಾಗಿದೆ. ಬಿಲ್ ಕೇಳಿ. ತೂಕ, ಕ್ಯಾರೆಟ್, ಕೂಲಿ ಬೇರೆ ಬೇರೆ ಬರೆಸಿಕೊಳ್ಳಿ. ಇರಾನಿನ ಅಂಗಡಿಗಳಲ್ಲಿ ಚಿನ್ನದ ಒಡವೆ ಸಾಮಾನ್ಯವಾಗಿ 18 ಕ್ಯಾರೆಟ್. ಇಲ್ಲಿ 22ರ ಲೆಕ್ಕದಲ್ಲಿ ಎಕ್ಸ್‌ಚೇಂಜ್ ಆಗುತ್ತೆ ಅಂದುಕೊಂಡು ತಂದು, ಆಮೇಲೆ ನನ್ನ ಮಷೀನ್ ಮೇಲೆ ರೇಗಬೇಡಿ.