ಮಾತು ಎರಡು ಸಲ ಯಾಕೆ ಕೇಳುತ್ತದೆ?

ದೊಡ್ಡ ಮೈದಾನದ ಕಾರ್ಯಕ್ರಮದಲ್ಲಿ ಹಿಂದಿನ ಸಾಲಲ್ಲಿ ಕೂತವರಿಗೆ ಒಂದು ಅನುಭವ ಗ್ಯಾರಂಟಿ. ವೇದಿಕೆ ಮೇಲೆ ಭಾಷಣಕಾರರು 'ನಮಸ್ಕಾರ' ಅನ್ನುತ್ತಾರೆ. ಹತ್ತಿರದ ಕಂಬದ ಸ್ಪೀಕರ್ ಕೂಡಲೇ 'ನಮಸ್ಕಾರ' ಅನ್ನುತ್ತದೆ, ವೇದಿಕೆಯ ಸ್ಪೀಕರ್ ಕೊಂಚ ತಡವಾಗಿ ಇನ್ನೊಮ್ಮೆ ಅನ್ನುತ್ತದೆ. ಒಂದರ ಮೇಲೊಂದು ಬಿದ್ದು ಮಾತು ಕಲಸಿಹೋಗುತ್ತದೆ. ಏನೂ ಅರ್ಥ ಆಗ್ತಿಲ್ಲ ಎಂದು ಜನ ಕೂಗಿದರೆ ಸೌಂಡ್‌ನವರು ವಾಲ್ಯೂಮ್ ಏರಿಸುತ್ತಾರೆ. ಆಗ ಎರಡೂ 'ನಮಸ್ಕಾರ' ಜೋರಾಗುತ್ತವೆ, ಅಷ್ಟೇ.

ಹಿಂದೆ ಇನ್ನೊಂದು ಜೊತೆ ಸ್ಪೀಕರ್ ಇಡುವುದು ಶೋಕಿಗಲ್ಲ. ಬಯಲಲ್ಲಿ ಮಾಮೂಲಿ ಸ್ಪೀಕರ್ ಡಬ್ಬದಿಂದ ದೂರ ಎರಡರಷ್ಟು ಆದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 1 ಮೀಟರ್‌ನಿಂದ 64 ಮೀಟರ್‌ಗೆ ಹೋದರೆ 36 ಡೆಸಿಬಲ್ ಖೋತಾ. ಹಿಂದಿನವರಿಗೆ ಕೇಳಲಿ ಎಂದು ಮುಂದೆಯೇ ಜೋರು ಮಾಡಿದರೆ ಮೊದಲ ಸಾಲಿನವರ ಕಿವಿ ಹೋಯಿತು. ಅದಕ್ಕೇ ನಡುವೆ ಕಂಬ ಹಾಕುತ್ತಾರೆ. ಆದರೆ ತಂತಿಯಲ್ಲಿ ವಿದ್ಯುತ್ ಕಣ್ಣು ಮಿಟುಕಿಸುವುದರೊಳಗೆ ಕಂಬ ತಲುಪುತ್ತದೆ, ಗಾಳಿಯಲ್ಲಿ ಸದ್ದು ಸೆಕೆಂಡಿಗೆ 343 ಮೀಟರ್ ವೇಗದಲ್ಲಿ ನಿಧಾನವಾಗಿ ಬರುತ್ತದೆ. 60 ಮೀಟರ್ ದಾಟಲು ಅದಕ್ಕೆ ಸುಮಾರು 175 ಮಿಲಿಸೆಕೆಂಡ್ ಬೇಕು. ಮಾತಿನ ಎರಡು ಪ್ರತಿಗಳ ನಡುವೆ 50 ಮಿಲಿಸೆಕೆಂಡ್‌ಗಿಂತ ಜಾಸ್ತಿ ಅಂತರ ಬಿದ್ದರೆ ನಮಗದು ಪ್ರತಿಧ್ವನಿಯಾಗಿ ಕೇಳತೊಡಗುತ್ತದೆ. ಹಾಗಾಗಿ ವೇದಿಕೆಯ ಸದ್ದು ಕಂಬದವರೆಗೆ ಬರಲು ಬೇಕಾದಷ್ಟು ಹೊತ್ತು ಕಂಬದ ಸ್ಪೀಕರನ್ನು ಬೇಕೆಂದೇ ತಡ ಮಾಡಬೇಕು. ಅದಕ್ಕೇ ಅದರ ಹೆಸರು ಡಿಲೇ ಟವರ್.

ಎಷ್ಟು ತಡ? ಟೇಪ್ ಹಿಡಿದು ದೂರ ಅಳೆದು ಲೆಕ್ಕ ಹಾಕಬಹುದು. ಅದಕ್ಕಿಂತ ಚೊಕ್ಕವಾಗಿ ಈ ಕೆಲಸವನ್ನು ಲ್ಯಾಪ್‌ಟಾಪ್‌ನ ಒಂದು ಸಾಫ್ಟ್‌ವೇರ್ ಮಾಡುತ್ತದೆ. ಅದು ಅಳೆಯುವ ರೀತಿಯೇ ನನಗೆ ಬಹಳ ಹಿಡಿಸಿದ್ದು.

ಫೋನ್‌ನಲ್ಲಿ ಸಿಗುವ ಕುಣಿಯುವ ಪಟ್ಟಿಗಳ ಆ್ಯಪ್ ನೀವು ನೋಡಿರಬಹುದು. ಅದು ಮೈಕ್‌ಗೆ ಬಿದ್ದ ಎಲ್ಲ ಸದ್ದನ್ನೂ ಕೂಡಿಸಿ ತೋರಿಸುತ್ತದೆ. ಬೇಸ್ ಪಟ್ಟಿ ಎತ್ತರ ಇದ್ದರೆ ಅದು ಸ್ಪೀಕರ್ ಮಾಡಿದ್ದೋ, ಹಾಡಿನಲ್ಲೇ ಬೇಸ್ ಜಾಸ್ತಿಯೋ, ಪಕ್ಕದ ಜನರೇಟರ್ ಸದ್ದೋ, ಹೇಳಲಾಗದು. ಅಳತೆಯ ಸಾಫ್ಟ್‌ವೇರ್ ಎರಡು ಸಂಕೇತ ತೆಗೆದುಕೊಳ್ಳುತ್ತದೆ. ಒಂದು ಸೌಂಡ್‌ನವರ ಮುಂದಿರುವ ಮಿಕ್ಸರ್‌ನಿಂದ ನೇರ ತಂತಿಯಲ್ಲಿ ಬಂದದ್ದು, ಇನ್ನೊಂದು ಮೈದಾನದಲ್ಲಿಟ್ಟ ಮೈಕ್‌ನಿಂದ ಬಂದದ್ದು. ಗಿರಣಿಗೆ ಕೊಟ್ಟ ರಾಗಿಯನ್ನೂ ವಾಪಸ್ ಬಂದ ಹಿಟ್ಟನ್ನೂ ತೂಗಿ ನೋಡಿದ ಹಾಗೆ. ಕೊಟ್ಟದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸವೇ ಸ್ಪೀಕರ್, ಗಾಳಿ ಮತ್ತು ಜಾಗ ಸೇರಿ ಮಾಡಿದ ಕೆಲಸ. ಎಷ್ಟು ತಡವಾಗಿ ಬಂತು ಎಂಬುದೂ ಅದರಲ್ಲೇ ಸಿಗುತ್ತದೆ. ಹಾಡು ಯಾವುದಾದರೂ ಆಗಲಿ, ಲೆಕ್ಕ ಕೆಡುವುದಿಲ್ಲ. ಹಾಡಿನಲ್ಲಿ ಎಲ್ಲ ಸ್ವರಮಟ್ಟಗಳೂ ಸಾಕಷ್ಟು ಇದ್ದರಾಯಿತು.

ಈ ಉಪಾಯವನ್ನು ಸಂಗೀತ ಕಛೇರಿಗಳಿಗೆ ತಂದವರಲ್ಲಿ ಮುಖ್ಯರು ಅಮೆರಿಕದ ಜಾನ್ ಮೇಯರ್. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಮೇಯರ್ ಸೌಂಡ್ ಕಂಪನಿಯನ್ನು 1979ರಲ್ಲಿ ಶುರು ಮಾಡಿದವರು. 1984ರಲ್ಲಿ ಅವರು 'ಸಿಮ್' ಎಂಬ ಅಳತೆಯ ವ್ಯವಸ್ಥೆ ತಂದರು. ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ತಂಡದ ಕಛೇರಿಗಳು ಅದರ ಮೊದಮೊದಲ ಪ್ರಯೋಗಶಾಲೆ. ಜನ ತುಂಬಿದ ಮೇಲೂ, ತಂಡ ನುಡಿಸುತ್ತಿರುವಾಗಲೇ, ಆ ಸಂಗೀತವನ್ನೇ ಬಳಸಿ ಅಳೆಯಬಹುದಾಗಿತ್ತು. ಆಗ ಅದಕ್ಕೆ ಪ್ರಯೋಗಾಲಯದ ದುಬಾರಿ ಯಂತ್ರ ಬೇಕಿತ್ತು. 1990ರ ದಶಕದಲ್ಲಿ ಸ್ಮಾರ್ಟ್ ಹೆಸರಿನ ಸಾಫ್ಟ್‌ವೇರ್ ಬಂದು ಅದೇ ಲೆಕ್ಕವನ್ನು ಸಾಮಾನ್ಯ ಕಂಪ್ಯೂಟರ್‌ಗೆ ಇಳಿಸಿತು. ಈಗ ಓಪನ್ ಸೌಂಡ್ ಮೀಟರ್ ಥರದ ಮುಕ್ತ ಸಾಫ್ಟ್‌ವೇರ್ ಕೂಡ ಇದೆ. ಒಂದು ಅಳತೆ ಮೈಕ್, ಎರಡು ಇನ್‌ಪುಟ್ ಇರುವ ಪುಟ್ಟ ಆಡಿಯೊ ಕಾರ್ಡ್ ಇದ್ದರೆ ಸಾಕು.

ಇದರ ಹೊಟ್ಟೆಯಲ್ಲಿರುವ ಗಣಿತದ ಹೆಸರು ಎಫ್‌ಎಫ್‌ಟಿ. ಸದ್ದನ್ನು ಬಿಡಿ ಬಿಡಿ ಸ್ವರಮಟ್ಟಗಳಾಗಿ ಒಡೆಯುವ ಚುರುಕಾದ ವಿಧಾನ ಇದು. 1965ರಲ್ಲಿ ಕೂಲಿ ಮತ್ತು ಟುಕಿ ಬರೆದ ಲೇಖನದಿಂದ ಜನಪ್ರಿಯವಾಯಿತು. ಸಾಫ್ಟ್‌ವೇರ್ ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆಯುತ್ತದೆ. ಒಂದು ಅಳತೆಯಿಂದ ಇನ್ನೊಂದಕ್ಕೆ ಸದ್ದು ಗಾಳಿಯಲ್ಲಿ ಹೋಗುವುದು ಬರೀ 7 ಮಿಲಿಮೀಟರ್. ಟೇಪ್ ಹಿಡಿದು ಇಷ್ಟು ನಿಖರವಾಗಿ ಯಾರು ಅಳೆಯುತ್ತಾರೆ?

ಸೌಂಡ್ ಸರಿ ಇಲ್ಲ ಎಂದಾಗ ಎಲ್ಲರ ಕೈಯೂ ಮೊದಲು ಹೋಗುವುದು ಒಂದೊಂದು ಸ್ವರಮಟ್ಟವನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರ್ ಕಡೆಗೆ. ಆದರೆ ಅರ್ಧಕ್ಕರ್ಧ ತಕರಾರುಗಳ ಬೇರು ಇರುವುದು ಸಮಯದಲ್ಲಿ ಎಂಬುದು ನನ್ನ ಅಭಿಪ್ರಾಯ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಎರಡು ಸ್ಪೀಕರ್ ಒಂದೇ ಮಾತನ್ನು ಹೇಳುತ್ತಿವೆ. ನಿಮ್ಮ ಕುರ್ಚಿಯಿಂದ ಒಂದು ಇನ್ನೊಂದಕ್ಕಿಂತ 34 ಸೆಂಟಿಮೀಟರ್ ದೂರ, ಅಂದರೆ 1 ಮಿಲಿಸೆಕೆಂಡ್ ತಡ. 500 ಹರ್ಟ್ಸ್‌ನಲ್ಲಿ ಅಲೆಯ ಅರ್ಧ ಸುತ್ತು ಸರಿಯಾಗಿ 1 ಮಿಲಿಸೆಕೆಂಡ್. ಒಂದು ಸ್ಪೀಕರ್ ಗಾಳಿಯನ್ನು ತಳ್ಳುವ ಹೊತ್ತಿಗೆ ಇನ್ನೊಂದರ ಅಲೆ ಎಳೆಯುತ್ತಿರುತ್ತದೆ. ಎರಡೂ ಸಮ ಜೋರಿದ್ದರೆ 500 ಹರ್ಟ್ಸ್ ಅಲ್ಲಿ ಸತ್ತೇ ಹೋಗುತ್ತದೆ. 1500, 2500, 3500ರಲ್ಲೂ ಇದೇ ಕಥೆ. ನಡುವಿನ 1000, 2000ದಲ್ಲಿ ಎರಡೂ ಸೇರಿ 6 ಡೆಸಿಬಲ್ ಏರುತ್ತದೆ. ಪರದೆ ಮೇಲೆ ಗೆರೆ ಬಾಚಣಿಗೆ ಹಲ್ಲುಗಳಂತೆ ಮೇಲೆ ಕೆಳಗೆ ಆಡುತ್ತದೆ, ಕಿವಿಗೆ ದನಿ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ.

ಇದನ್ನು ಈಕ್ವಲೈಜರ್‌ನಲ್ಲಿ ಸರಿಮಾಡಲು ಆಗುತ್ತಾ? 500 ಎತ್ತಿದರೆ ಎರಡೂ ಸ್ಪೀಕರ್‌ನಲ್ಲಿ ಎತ್ತಿದಂತಾಯಿತು. ಎರಡೂ ಇನ್ನಷ್ಟು ಜೋರಾಗಿ ಒಂದನ್ನೊಂದು ಕೊಲ್ಲುತ್ತವೆ. ಇತ್ತ ಪಕ್ಕದ ಕುರ್ಚಿಯಲ್ಲಿ ಅಂತರ ಬೇರೆ, ಹಲ್ಲುಗಳ ಜಾಗವೂ ಬೇರೆ. ಅಲ್ಲಿದ್ದವರಿಗೆ ನೀವು ಎತ್ತಿದ 500 ಸುಮ್ನೆ ಕಿರಿಕಿರಿ. ಡಿಲೇ ಬದಲಿಸಬೇಕು, ಸ್ಪೀಕರ್ ತಿರುಗಿಸಬೇಕು, ಇಲ್ಲವೇ ಒಂದರ ಸದ್ದು ತಗ್ಗಿಸಬೇಕು. ಇನ್ನು ಕೆಲವು ಹಲ್ಲು ಅಳತೆಯದ್ದೇ ತಪ್ಪು. ಮೈಕನ್ನು ಸ್ಟ್ಯಾಂಡ್ ಮೇಲೆ ಇಟ್ಟಾಗ ನೆಲದಿಂದ ಪುಟಿದ ಸದ್ದೂ ಸೇರಿ ಗೆರೆ ಕೆಡುತ್ತದೆ. ಬಯಲಲ್ಲಿ ಎಷ್ಟೋ ಜನ ಮೈಕನ್ನು ನೆಲದ ಮೇಲೇ ಮಲಗಿಸಿಬಿಡುತ್ತಾರೆ.

ಬರೀ ಬೇಸ್ ನುಡಿಸುವ ಸಬ್ ವೂಫರ್ ಮತ್ತು ಅದರ ಮೇಲಿನ ಸ್ವರಮಟ್ಟಗಳ ಟಾಪ್ ಸ್ಪೀಕರ್ ಸೇರುವ ಜಾಗದಲ್ಲಿ ಇದೇ ಜಗಳ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಸುಮಾರು 100 ಹರ್ಟ್ಸ್ ಸುತ್ತ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಅಲ್ಲಿ ಅಲೆಯ ಉದ್ದ 3.4 ಮೀಟರ್. ಎರಡೂ ತಾಳ ಕೂಡಿದರೆ 6 ಡೆಸಿಬಲ್ ಲಾಭ, 5 ಮಿಲಿಸೆಕೆಂಡ್ ತಪ್ಪಿದರೆ ಪೂರ್ತಿ ನಷ್ಟ. ಡ್ರಮ್ 'ಧಮ್' ಅನ್ನುವ ಬದಲು 'ಟಪ್' ಅನ್ನುತ್ತದೆ. ಬೇಸ್ ಸಾಲದು ಎಂದು ಇನ್ನೆರಡು ಸಬ್ ಬಾಡಿಗೆಗೆ ತರಿಸುವ ಮೊದಲು ಸಾಫ್ಟ್‌ವೇರ್‌ನಲ್ಲಿ ಫೇಸ್ ಗೆರೆ, ಅಂದರೆ ಅಲೆಗಳ ತಾಳ ಕೂಡಿದೆಯೇ ಎಂದು ತೋರಿಸುವ ಗೆರೆ ನೋಡುವುದು ಲೇಸು. ದುಡ್ಡು ಉಳಿಯುತ್ತದೆ, ಬೆನ್ನೂ ಉಳಿಯುತ್ತದೆ.

ಸಾಫ್ಟ್‌ವೇರ್‌ನಲ್ಲಿ ಕೊಹೆರೆನ್ಸ್ ಎಂಬ ಇನ್ನೊಂದು ಗೆರೆ ಇದೆ. ಸೊನ್ನೆಯಿಂದ ಒಂದರವರೆಗೆ ಓಡುವ ಈ ಗೆರೆ, ಉಳಿದ ಗೆರೆಗಳನ್ನು ಎಷ್ಟು ನಂಬಬಹುದು ಎಂದು ಹೇಳುತ್ತದೆ. ಮೈಕ್‌ಗೆ ಬಿದ್ದ ಸದ್ದು ನಾವು ಕಳಿಸಿದ್ದೇ ಆಗಿದ್ದರೆ ಒಂದರ ಹತ್ತಿರ. ಗಾಳಿ, ಗಲಾಟೆ, ಗೋಡೆಯ ಪ್ರತಿಧ್ವನಿ ಸೇರಿದರೆ ಇಳಿಯುತ್ತದೆ. ಕೊಹೆರೆನ್ಸ್ ಬಿದ್ದುಹೋದ ಜಾಗದಲ್ಲಿ ಈಕ್ವಲೈಜರ್ ಆಡಿಸುವುದು ಗಾಳಿಗೆ ಗುದ್ದಿದಂತೆ. ಕಲ್ಯಾಣ ಮಂಟಪದ ಗ್ರಾನೈಟ್ ಗೋಡೆ ಗೊಂಯ್ ಅಂದರೆ ಅದನ್ನು ಯಾವ ಸಾಫ್ಟ್‌ವೇರೂ ತಡೆಯಲಾರದು. ಪರದೆ, ಕಾರ್ಪೆಟ್, ಜನ, ಇವೇ ಅದಕ್ಕೆ ಮದ್ದು.

ಮತ್ತೆ ಡಿಲೇ ಟವರ್ ವಿಷಯಕ್ಕೆ. ಸದ್ದಿನ ವೇಗ ಗಾಳಿಯ ಬಿಸಿಯ ಜೊತೆ ಬದಲಾಗುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್. ಕಲಬುರಗಿಯಂಥ ಊರಲ್ಲಿ ಸಂಜೆ 35 ಡಿಗ್ರಿ ಇದ್ದಾಗ ಅಳೆದರೆ 60 ಮೀಟರ್‌ಗೆ 170 ಮಿಲಿಸೆಕೆಂಡ್ ಬರುತ್ತದೆ. ರಾತ್ರಿ 22ಕ್ಕೆ ಇಳಿದರೆ ಅದೇ ದೂರಕ್ಕೆ 174. ಬರೀ 4 ಮಿಲಿಸೆಕೆಂಡ್ ಅಲ್ವಾ ಎನ್ನಬೇಡಿ. ಬಾಚಣಿಗೆಯ ಮೊದಲ ಹಳ್ಳ ಆಗ 125 ಹರ್ಟ್ಸ್‌ಗೆ ಬೀಳುತ್ತದೆ, ಗಂಡಸರ ಮಾತಿನ ಬುಡಕ್ಕೇ. ಜೊತೆಗೆ ಟವರ್ ಈಗ ವೇದಿಕೆಗಿಂತ ಮೊದಲು ಮಾತಾಡುತ್ತದೆ, ಕೇಳುಗರ ಗಮನ ಕಂಬದ ಕಡೆಗೆ ಜಾರುತ್ತದೆ.

ಮೊದಲು ಬಂದ ಸದ್ದಿನ ಕಡೆಗೇ ಮನಸ್ಸು ವಾಲುತ್ತದೆ ಎಂಬುದರ ಬಗ್ಗೆ ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲೇ ಕೆಲಸ ಮಾಡಿದ್ದರು. ಎರಡನೆಯ ಸದ್ದು 5ರಿಂದ 30 ಮಿಲಿಸೆಕೆಂಡ್ ತಡವಾಗಿ ಬಂದರೆ, ಅದು ಮೊದಲನೆಯದಕ್ಕಿಂತ ಜೋರಿದ್ದರೂ ನಮಗೆ ಬೇರೆ ಸದ್ದಾಗಿ ಕೇಳುವುದಿಲ್ಲ. ಹಾಗಾಗಿ ಟವರ್‌ಗೆ ಲೆಕ್ಕಕ್ಕಿಂತ 10 ಮಿಲಿಸೆಕೆಂಡ್ ಹೆಚ್ಚು ಕೊಡಿ, ಮಾತು ವೇದಿಕೆಯಿಂದಲೇ ಬಂದಂತೆ ಇರುತ್ತದೆ ಎನ್ನುವವರು ಒಂದು ಕಡೆ. ಹಾಗೆ ಮಾಡಿದರೆ ಬಾಚಣಿಗೆ ಹೆಚ್ಚುತ್ತದೆ, ಸರಿಯಾಗಿ ಕೂಡಿಸಿ ಎನ್ನುವವರು ಇನ್ನೊಂದು ಕಡೆ. ಭಾಷಣ, ನಾಟಕಕ್ಕೆ ನನ್ನ ಓಟು ಮೊದಲಿನವರಿಗೆ. ರಾತ್ರಿ ಚಳಿ ತಿನ್ನುವ 4 ಮಿಲಿಸೆಕೆಂಡ್ ಆ ಹತ್ತರೊಳಗೇ ಅಡಗುತ್ತದೆ.

ಪರದೆಯ ಗೆರೆ ನೆಟ್ಟಗೆ ಮಲಗಿದರೆ ಕೆಲಸ ಮುಗಿಯಿತೇ? ಇಲ್ಲ. ನೆಟ್ಟಗಿನ ಗೆರೆ ಬಯಲಲ್ಲಿ ಕೀರಲಾಗಿ ಕೇಳುವುದೇ ಹೆಚ್ಚು. ಬೇಸ್ ಕಡೆಗೆ ಗೆರೆಯನ್ನು ಬೇಕೆಂದೇ ಏರಿಸುವುದು ರೂಢಿ. ಎಷ್ಟು ಎನ್ನುವುದು ರುಚಿಯ ಪ್ರಶ್ನೆ. ರಾಕ್ ಬ್ಯಾಂಡಿಗೆ ಹಾಕಿದ ಬೇಸ್ ಯಕ್ಷಗಾನಕ್ಕೆ ಹಾಕಿದರೆ ಮದ್ದಳೆ ಊದಿಕೊಂಡು ಭಾಗವತರ ಪದವನ್ನೇ ನುಂಗುತ್ತದೆ. ಚಂಡೆಗಂತೂ ಮೈಕೇ ಬೇಡ ಎನ್ನಿಸುವಷ್ಟು ಚುರುಕು ಅದರಲ್ಲೇ ಇದೆ. ಇದ್ಯಾವುದೂ ಸಾಫ್ಟ್‌ವೇರ್‌ಗೆ ಗೊತ್ತಿಲ್ಲ.

ನಮ್ಮಲ್ಲಿ ದೊಡ್ಡ ಅಡ್ಡಿ ಸಾಫ್ಟ್‌ವೇರ್ ಅಲ್ಲ, ಸಮಯ. ಅಳೆಯಲು ಅರ್ಧ ಗಂಟೆ ಮೌನ ಬೇಕು. ಆ ಅರ್ಧ ಗಂಟೆಯಲ್ಲಿ ಶಾಮಿಯಾನದವರು ಗೂಟ ಹೊಡೆಯುತ್ತಾರೆ, ನಿರೂಪಕರು 'ಹಲೋ ಮೈಕ್ ಟೆಸ್ಟಿಂಗ್' ಅನ್ನುತ್ತಾರೆ. ಅಳತೆಗೆಂದು ಬಳಸುವ, ಎಲ್ಲ ಸ್ವರಮಟ್ಟಗಳೂ ಇರುವ ಪಿಂಕ್ ನಾಯ್ಸ್‌ನ 'ಶ್ಶ್‌ಶ್' ಹಾಕಿದರೆ ಸ್ಪೀಕರ್ ಕೆಟ್ಟಿದೆಯಾ ಎಂದು ಸಂಘಟಕರು ಓಡಿಬರುತ್ತಾರೆ. ಅಂಥ ಕಡೆ ತುಂಬು ವಾದ್ಯಗಳಿರುವ ಒಂದು ಸಿನಿಮಾ ಹಾಡು ಹಾಕಿಬಿಡಿ. ಸಾಫ್ಟ್‌ವೇರ್‌ಗೆ ಅದೂ ನಡೆಯುತ್ತದೆ, ಸಂಘಟಕರಿಗೂ ಸಮಾಧಾನ.