ಓವನ್ ಬೆನ್ನಿಗೆ ಸಾಕೆಟ್ ಬೇಡ: ಬಿಲ್ಟ್-ಇನ್ ಫಿಟ್ಟಿಂಗ್ ಟಿಪ್ಪಣಿ

ವೈರಿಂಗ್ ಕಲಿಯುತ್ತಿರುವ ಗೆಳೆಯರಿಗೆ ನನ್ನದೇ ಎಡವಟ್ಟಿನಿಂದ ಶುರು ಮಾಡುತ್ತೇನೆ. ಮಡಿಕೇರಿ ಹತ್ತಿರದ ಒಂದು ಹೋಮ್‌ಸ್ಟೇಯಲ್ಲಿ ಬಿಲ್ಟ್-ಇನ್ ಓವನ್ ಕೂರಿಸಲು ಹೋಗಿದ್ದೆ. 16 ಆಂಪಿಯರ್ ಸಾಕೆಟ್ ಓವನ್ ಗೂಡಿನ ಹಿಂಗೋಡೆಯ ನಟ್ಟನಡುವೆ ಇತ್ತು. ಪ್ಲಗ್ ಹಾಕಿ ತಳ್ಳಿದರೆ ಓವನ್ ಒಂದಿಂಚು ಹೊರಗೇ ನಿಂತಿತು. ಭುಜ ಕೊಟ್ಟು ಒತ್ತಿದೆ. ಒಳಗೆ ಹೋಯಿತು. ಕೆಲಸ ಆಯಿತು ಅಂತ ಕಾಫಿ ಕುಡಿದು ಬಂದೆ.

ಮೂರು ವಾರಕ್ಕೆ ಫೋನ್: ಸುಟ್ಟ ವಾಸನೆ. ಹೊರಗೆಳೆದು ನೋಡಿದರೆ ಪ್ಲಗ್ ಓರೆಯಾಗಿತ್ತು. ಫೇಸ್ ಪಿನ್ನಿನ ಬುಡ ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗಿತ್ತು.

ಟೇಪ್ ಹಿಡಿದಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಗೂಡಿನ ಆಳ 580 ಮಿ.ಮೀ., ಓವನ್ 550. ಉಳಿದದ್ದು 30. ಪ್ಲಗ್ ಮತ್ತು ಕೇಬಲ್ ಬಾಗುವ ಜಾಗ ಸೇರಿ 60 ಬೇಕಿತ್ತು. ಜೊತೆಗೆ ಓವನ್ ಬಿಸಿ ಹೊರಹೋಗಲು ಹಿಂದೆ ಗಾಳಿ ಆಡಬೇಕು. ಎಷ್ಟು ಅಂತರ ಅನ್ನುವುದು ಆಯಾ ಮಾಡೆಲ್‌ನ ಚಿತ್ರದಲ್ಲೇ ಇರುತ್ತದೆ, ಅದನ್ನು ಕಾರ್ಪೆಂಟರ್ ಬರುವ ಮೊದಲೇ ನೋಡಬೇಕು.

ಈಗ ಮುಖ್ಯ ಪ್ರಶ್ನೆ. ಪ್ಲಗ್ ಸುಡುತ್ತಿದ್ದರೂ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಯಾಕೆ ಬೀಳಲಿಲ್ಲ? 3000 ವಾಟ್ ಓವನ್ 230 ವೋಲ್ಟ್‌ನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಓರೆಯಾದ ಪಿನ್ನಿನಲ್ಲಿ ಬರೀ 0.1 ಓಮ್ ರೆಸಿಸ್ಟೆನ್ಸ್ ಇದೆ ಅಂದುಕೊಳ್ಳಿ. ಕರೆಂಟಿನ ವರ್ಗ ಗುಣಿಸು ರೆಸಿಸ್ಟೆನ್ಸ್: 169 × 0.1, ಅಂದರೆ ಹತ್ತಿರ ಹತ್ತಿರ 17 ವಾಟ್. ಒಂದು ಚಿಕ್ಕ ಸೋಲ್ಡರಿಂಗ್ ಐರನ್ ಪ್ಲಗ್ ಒಳಗೇ ಕೂತ ಹಾಗೆ! ಆದರೆ ಲೈನಿನ ಕರೆಂಟ್ ಒಂಚೂರೂ ಜಾಸ್ತಿ ಆಗಲ್ಲ, ಹಾಗಾಗಿ ಎಂಸಿಬಿಗೆ ಸುಳಿವೇ ಇಲ್ಲ. ಅರ್ಥ್‌ಗೆ ಸೋರಿಕೆಯೂ ಇಲ್ಲ, ಆದ್ದರಿಂದ ಸೋರಿಕೆ ಕಂಡರೆ ಲೈನ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿಯೂ ಸುಮ್ಮನೆ ಇರುತ್ತದೆ. ಲೂಸ್ ಕಾಂಟ್ಯಾಕ್ಟ್ ಹಿಡಿಯುವುದು ನಮ್ಮ ಮೂಗು ಮಾತ್ರ.

ಅದಕ್ಕೇ ಸಾಕೆಟ್ ಪಕ್ಕದ ಕಪಾಟಿನಲ್ಲಿರಬೇಕು. ಬಾಗಿಲು ತೆಗೆದರೆ ಸ್ವಿಚ್ಚು ಕೈಗೆ ಸಿಗಬೇಕು, ಓವನ್ ಎಳೆಯದೆ. ನಡುವಿನ ಹಲಗೆಯಲ್ಲಿ ಪ್ಲಗ್ ನುಗ್ಗುವಷ್ಟು ತೂತು ಕೊರೆದು, ಕೇಬಲ್ ಉಜ್ಜದ ಹಾಗೆ ಅಂಚಿಗೆ ರಬ್ಬರ್ ಗ್ರಾಮೆಟ್ (ಬಳೆ) ಹಾಕಿ. ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ. ಡಿಶ್‌ವಾಷರ್‌ಗೂ ಇದೇ ಲೆಕ್ಕ. ಆದರೆ ನೀರಿನ ಜಾಯಿಂಟ್ ಕೆಳಗೆ ಪಾಯಿಂಟ್ ಕೊಡಲೇಬೇಡಿ.

ಎರಡು ಕಡೆ ಹುಷಾರಾಗಿರಿ. ಕೆಲವು ಆಮದು ಓವನ್‌ಗಳಿಗೆ ಎರಡು ಪಿನ್ನಿನ ಯುರೋಪ್ ಪ್ಲಗ್ ಇರುತ್ತದೆ. ಅದರ ಅರ್ಥ್ ಪಟ್ಟಿ ಪಕ್ಕದಲ್ಲಿರುವುದರಿಂದ ನಮ್ಮ ಸಾಕೆಟ್ಟಿಗೆ ತುರುಕಿದರೆ ಓವನ್ ಓಡುತ್ತದೆ, ಅರ್ಥ್ ಮಾತ್ರ ಸಿಗಲ್ಲ. ಇನ್ನೊಂದು, ಬಣ್ಣ. ಓವನ್ ಕೇಬಲ್‌ನಲ್ಲಿ ನೀಲಿ ಅಂದರೆ ನ್ಯೂಟ್ರಲ್. ಹಳೆ ಮನೆಗಳ ತ್ರೀ ಫೇಸ್ ವೈರಿಂಗ್‌ನಲ್ಲಿ ನೀಲಿಯೂ ಒಂದು ಫೇಸ್, ನ್ಯೂಟ್ರಲ್ ಕಪ್ಪು. ಬಣ್ಣ ನಂಬಬೇಡಿ, ಮೀಟರ್ ಇಟ್ಟು ನೋಡಿ. ವೈರ್ ಮುಟ್ಟುವಾಗಂತೂ ಎಂಸಿಬಿ ಇಳಿಸಿಯೇ ಮುಟ್ಟಿ.

ಇನ್ನು ನಮ್ಮ ಕೊಡಗಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆ ಒಣಗುವುದೇ ಇಲ್ಲ, ಅಲ್ವಾ? ಪಾಯಿಂಟ್ ಒಳಗೋಡೆಯಲ್ಲಿದ್ದರೆ ಒಳ್ಳೆಯದು, ಮಳೆ ಹೊಡೆಯುವ ಪಡುವಣ ಗೋಡೆ ಬೇಡ. ಮಳೆಗಾಲ ಪೂರ್ತಿ ಸುಮ್ನೆ ಕೂತ ಓವನ್ ಆನ್ ಮಾಡಿದ ತಕ್ಷಣ ಆರ್‌ಸಿಸಿಬಿ ಬೀಳುವುದೂ ಉಂಟು. ಎಲಿಮೆಂಟ್ ಒಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿ ತೇವ ಎಳೆದುಕೊಂಡು ಕರೆಂಟ್ ಸೋರುವುದು ಇದಕ್ಕೊಂದು ಕಾರಣ. ಅವಸರದಲ್ಲಿ ಆರ್‌ಸಿಸಿಬಿ ಬೈಪಾಸ್ ಮಾಡುವವರನ್ನು ನೋಡಿದ್ದೇನೆ. ಅದು ಶುದ್ಧ ಹುಚ್ಚಾಟ. ಸಾಕೆಟ್ಟಿನಿಂದ ಪ್ಲಗ್ ತೆಗೆದು, ಆ ಪ್ಲಗ್ಗಿನ ಫೇಸ್, ನ್ಯೂಟ್ರಲ್ ಪಿನ್‌ಗಳನ್ನು ಸೇರಿಸಿ, ಅಲ್ಲಿಂದ ಅರ್ಥ್ ಪಿನ್ನಿಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ ನೋಡಬೇಕು. ರೀಡಿಂಗ್ ಕಡಿಮೆ ಬಂದರೆ ಓವನ್ ಸರ್ವಿಸ್‌ಗೆ ಹೋಗಲಿ.

ಆ ಹೋಮ್‌ಸ್ಟೇಯ ಸಾಕೆಟ್ ಈಗ ಪಕ್ಕದ ಮಸಾಲೆ ಡಬ್ಬಿಗಳ ಕಪಾಟಿನಲ್ಲಿದೆ. ಸಾಕೆಟ್, ಪ್ಲಗ್ ಎರಡರ ಖರ್ಚೂ ನನ್ನದೇ.